ಯಾರೂ ಕೇಳದ ಧ್ವನಿಯನ್ನು ಗುರುತಿಸಿದ ಸೊಸ್ಯೂರ್

ರಸಾಯನ ವಿಜ್ಞಾನದಲ್ಲಿ ‘ಧಾತು’ ಎಂದರೆ ಮೂಲವಸ್ತು. ವ್ಯಾಕರಣದಲ್ಲಿ ಅದೇ ಪದಕ್ಕೆ ಕ್ರಿಯಾಪದದ ಮೂಲರೂಪ ಎಂಬ ಅರ್ಥ. ಆವರ್ತಕ ಕೋಷ್ಟಕದ ಖಾಲಿ ಮನೆಗಳಿಗೆ ಬರಬೇಕಾದ ಧಾತುಗಳ ಗುಣಗಳನ್ನು ಮೆಂಡೆಲೀವ್ 1871ರಲ್ಲಿ ಮುಂದಾಗಿಯೇ ತಿಳಿಸಿದ. ಅವುಗಳಲ್ಲೊಂದಾದ ಗ್ಯಾಲಿಯಂ 1875ರಲ್ಲಿ ಸಿಕ್ಕಿತು. ಕ್ರಿಯಾಪದಗಳ ಧಾತುವಿನಲ್ಲೂ ಇಂಥದೇ ಖಾಲಿ ಮನೆಯನ್ನು ಕಂಡವನು ಫರ್ಡಿನಾಂಡ್ ದ ಸೊಸ್ಯೂರ್.

ಈತ ಹುಟ್ಟಿದ್ದು 1857ರ ನವೆಂಬರ್ 26ರಂದು, ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ. ತಂದೆ ಕೀಟವಿಜ್ಞಾನಿ. ಮುತ್ತಜ್ಜ 1787ರಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನೇರಿದ ವಿಜ್ಞಾನಿ. ಮನೆತನದ ದಾರಿ ಹಿಡಿದು ಸೊಸ್ಯೂರ್ ಒಂದು ವರ್ಷ ಭೌತ, ರಸಾಯನ ವಿಜ್ಞಾನಗಳನ್ನು ಓದಿದ. ಆದರೆ ಮನಸ್ಸು ಭಾಷೆಗಳತ್ತ ಎಳೆಯಿತು. 1876ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋದ.

ಲ್ಯಾಟಿನ್, ಗ್ರೀಕ್, ಸಂಸ್ಕೃತಗಳಿಗೆ ಒಂದೇ ಮೂಲಭಾಷೆ ಇತ್ತೆಂದು ಆ ವೇಳೆಗೆ ತಿಳಿದಿತ್ತು. (ನಮ್ಮ ಕನ್ನಡ ದ್ರಾವಿಡ ಎಂಬ ಬೇರೆ ಕುಟುಂಬಕ್ಕೆ ಸೇರಿದ್ದು.) ಆ ಮೂಲಭಾಷೆಯ ಒಂದು ಅಕ್ಷರವೂ ಬರಹದಲ್ಲಿ ಉಳಿದಿಲ್ಲ. ಮಕ್ಕಳ ರೂಪಗಳನ್ನು ಹೋಲಿಸಿ ತಾಯಿಯ ರೂಪವನ್ನು ಊಹಿಸಬೇಕು.

ಸೊಸ್ಯೂರ್ ಸಂಸ್ಕೃತ ಕ್ರಿಯಾಪದಗಳನ್ನು ಪರಿಶೀಲಿಸಿದ. ‘ಯುಜ್’ ಧಾತುವಿನ ನಡುವೆ ‘ನ’ ಸೇರಿದರೆ ಯು-ನ-ಜ್-ತಿ, ಅಂದರೆ ‘ಯುನಕ್ತಿ’ (ಜೋಡಿಸುತ್ತಾನೆ). ‘ನ’ ಇಲ್ಲದಿದ್ದರೆ ‘ಯುಕ್ತ’. ಲ್ಯಾಟಿನ್ನಿನ ‘ಯುಂಗಿತ್’ ರೂಪದಲ್ಲೂ ನಡುವೆ ಅನುನಾಸಿಕವಿದೆ. ಹಾಗಾದರೆ ‘ಪುನಾತಿ’ (ಶುದ್ಧಿ ಮಾಡುತ್ತಾನೆ), ‘ಪೂತ’ (ಶುದ್ಧವಾದ) ಎಂಬಲ್ಲಿ ದೀರ್ಘ ಸ್ವರ ಏಕೆ? ಗಣಿತದಲ್ಲಿ ತಿಳಿಯದ ಸಂಖ್ಯೆಗೆ ಒಂದು ಗುರುತು ಕೊಡುವಂತೆ, ಕಳೆದುಹೋದ ಧ್ವನಿಯನ್ನು ‘ಕ್ಷ’ ಎನ್ನೋಣ. ಪು-ನ-ಕ್ಷ-ತಿ, ಪು-ಕ್ಷ-ತ. ‘ಕ್ಷ’ ಅಳಿದುಹೋಗುವಾಗ ಹಿಂದಿನ ಸ್ವರವನ್ನು ದೀರ್ಘ ಮಾಡಿತು: ಪುನಾತಿ, ಪೂತ. ಎರಡು ಒಗಟುಗಳಿಗೆ ಒಂದೇ ಉತ್ತರ!

ಈ ಗ್ರಂಥ 1878ರ ಕೊನೆಗೆ ಅಚ್ಚಾದಾಗ ಆತನಿಗೆ 21 ವರ್ಷ. ಯಾವ ಭಾಷೆಯಲ್ಲೂ ಕೇಳದ ಧ್ವನಿಯನ್ನು ಹಲವು ವಿದ್ವಾಂಸರು ಒಪ್ಪಲಿಲ್ಲ. ಸೊಸ್ಯೂರ್ ಪ್ಯಾರಿಸ್‌ನಲ್ಲಿ ಹತ್ತು ವರ್ಷ ಪಾಠ ಹೇಳಿ, 1891ರಲ್ಲಿ ಜಿನೀವಾಕ್ಕೆ ಮರಳಿದ. 1913ರ ಫೆಬ್ರವರಿ 22ರಂದು ತೀರಿಕೊಂಡ. ಆತನ ತರಗತಿ ಪಾಠಗಳು 1916ರಲ್ಲಿ ಪುಸ್ತಕವಾಗಿ ಬಂದು ಲೋಕಪ್ರಸಿದ್ಧವಾದವು.

ಇತ್ತ ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ 1906ರಿಂದ ಸಾವಿರಾರು ಮಣ್ಣಿನ ಹಲಗೆಗಳು ದೊರೆತಿದ್ದವು. ಅವುಗಳಲ್ಲಿನ ಹಿಟೈಟ್ ಭಾಷೆಯೂ ಇದೇ ಕುಟುಂಬದ್ದೆಂದು 1915ರಲ್ಲಿ ಹ್ರೋಜ್ನಿ ತೋರಿಸಿದ. 1927ರಲ್ಲಿ ಪೋಲೆಂಡಿನ ಕುರಿವೋವಿಚ್, ಸೊಸ್ಯೂರ್ ಹೇಳಿದ್ದ ಜಾಗದಲ್ಲೇ ಹಿಟೈಟ್‌ನಲ್ಲಿ ‘ಹ್’ ಧ್ವನಿ ಇರುವುದನ್ನು ಗುರುತಿಸಿದ. ಉದಾಹರಣೆಗೆ, ಸಂಸ್ಕೃತದ ‘ಪಾತಿ’ (ಕಾಪಾಡುತ್ತಾನೆ), ಲ್ಯಾಟಿನ್ನಿನ ‘ಪಾಸ್ಕೋ’ (ಮೇಯಿಸುತ್ತೇನೆ) ಇವುಗಳಲ್ಲಿ ಕೇವಲ ದೀರ್ಘ ಸ್ವರವಿದೆ. ಹಿಟೈಟ್‌ನ ಕಾಪಾಡು ಎಂಬ ಧಾತು ‘ಪಹ್ಸ್’.

ಗ್ಯಾಲಿಯಂ ನಾಲ್ಕು ವರ್ಷಗಳಲ್ಲಿ ಸಿಕ್ಕಿತು. ಸೊಸ್ಯೂರ್‌ನ ಧ್ವನಿಗೆ 49 ವರ್ಷ ಬೇಕಾಯಿತು. ಅಷ್ಟರಲ್ಲಿ ಆತ ತೀರಿಕೊಂಡು 14 ವರ್ಷಗಳಾಗಿದ್ದವು.