ಖಗೋಳವಿಜ್ಞಾನಿ ಡಾ. ವೈನು ಬಾಪು

ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುವ ನಾಡು ನಮ್ಮದು. ಭರಣಿ, ರೋಹಿಣಿ, ಆರಿದ್ರೆ, ಮಘೆ ಎಂದು ಮಳೆಗಳನ್ನು ಎಣಿಸುವ ಬದನಗುಪ್ಪೆಯ ರೈತನಿಗೆ ಆಕಾಶವು ಅಪರಿಚಿತವಾದುದಲ್ಲ. ಆದರೆ ಆ ನಕ್ಷತ್ರಗಳು ಎಷ್ಟು ದೂರದಲ್ಲಿವೆ, ಅವುಗಳ ನಿಜವಾದ ಕಾಂತಿ ಎಷ್ಟು, ಅವುಗಳ ಒಡಲಿನಲ್ಲಿ ಯಾವ ದ್ರವ್ಯಗಳಿವೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯತೊಡಗಿದುದು ಬೆಳಕನ್ನು ವಿಶ್ಲೇಷಿಸುವ ವಿದ್ಯೆ ಬೆಳೆದ ಮೇಲೆ. ಆ ವಿದ್ಯೆಯಲ್ಲಿ ಜಗತ್ತೇ ಮನ್ನಿಸುವ ಶೋಧನೆಯೊಂದನ್ನು ಮಾಡಿ, ಬಳಿಕ ತಾಯ್ನಾಡಿಗೆ ಮರಳಿ, ಅದಕ್ಕೆ ಭದ್ರವಾದ ನೆಲೆಗಳನ್ನು ಕಟ್ಟಿಕೊಟ್ಟ ಮಹನೀಯರು ಡಾ. ಮನಾಲಿ ಕಲ್ಲಾಟ್ ವೈನು ಬಾಪು.

ಬಾಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದರು. ಇತರ ಬಾಲಕರು ಆಟದ ಬಯಲನ್ನು ಹುಡುಕುವ ವಯಸ್ಸಿನಲ್ಲಿ ಈ ಬಾಲಕನಿಗೆ ದೂರದರ್ಶಕದ ನೆರಳೇ ಆಟದ ಬಯಲಾಯಿತು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿಯೇ ಕಾಂತಿ ಬದಲಾಗುವ ನಕ್ಷತ್ರಗಳನ್ನು ಅವರು ಶ್ರದ್ಧೆಯಿಂದ ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಹಾರ್ಲೋ ಶಾಪ್ಲೆಯವರು ಹೈದರಾಬಾದಿಗೆ ಬಂದಾಗ ತರುಣ ಬಾಪು ಅವರನ್ನು ಭೇಟಿಯಾದರು. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದ ನೆರವಿನಿಂದ 1949ರಲ್ಲಿ ಬಾಪು ಹಾರ್ವರ್ಡನ್ನು ಸೇರಿದರು.

ಅಲ್ಲಿಗೆ ಹೋಗಿ ಕೆಲವೇ ತಿಂಗಳುಗಳಾಗಿದ್ದವು. 1949ರ ಜುಲೈ ತಿಂಗಳಿನಲ್ಲಿ ರಾತ್ರಿಯಾಕಾಶದ ಛಾಯಾಚಿತ್ರ ಫಲಕವೊಂದನ್ನು ಪರೀಕ್ಷಿಸುತ್ತಿದ್ದಾಗ ಅದರಲ್ಲಿ ಹೊಸದೊಂದು ಧೂಮಕೇತು ಅವರ ಕಣ್ಣಿಗೆ ಬಿದ್ದಿತು. ಪ್ರಾಧ್ಯಾಪಕ ಬಾರ್ಟ್ ಬಾಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರು ಶೋಧನೆಯನ್ನು ದೃಢಪಡಿಸುವಲ್ಲಿ ನೆರವಾದರು. ಆ ಧೂಮಕೇತು ಮೂವರ ಹೆಸರಿನಿಂದಲೂ ಪ್ರಸಿದ್ಧವಾಯಿತು. ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಧೂಮಕೇತು ಪದಕವು ಬಾಪು ಅವರಿಗೆ ಲಭಿಸಿತು. 1952ರಲ್ಲಿ ಅವರು ಡಾಕ್ಟರೇಟ್ ಪದವಿಯನ್ನು ಪಡೆದರು.

ಮುಂದೆ ಕಾರ್ನೆಗಿ ಸಂಸ್ಥೆಯ ಫೆಲೋಷಿಪ್ ಪಡೆದು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಲ್ಲಿ ಆಲಿನ್ ವಿಲ್ಸನ್ ಅವರೊಡನೆ ನಡೆಸಿದ ಕಾರ್ಯವೇ ಬಾಪು ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದುದು. ಅದರ ಮಹತ್ವವನ್ನು ಅರಿಯಲು ಒಂದು ಸಾಮಾನ್ಯ ಅನುಭವವನ್ನು ಸ್ಮರಿಸಬಹುದು. ಕತ್ತಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲೆ ಉರಿಯುವ ದೊಡ್ಡ ದೀಪವೂ ಹೊಲದಾಚೆಯ ಮನೆಯ ಸಣ್ಣ ಹಣತೆಯೂ ಕಣ್ಣಿಗೆ ಒಂದೇ ಸಮನಾಗಿ ಕಾಣಬಹುದು. ದೀಪದ ನಿಜವಾದ ಶಕ್ತಿ ಗೊತ್ತಾದರೆ ಮಾತ್ರ ಅದು ಎಷ್ಟು ದೂರದಲ್ಲಿದೆಯೆಂದು ಹೇಳಲು ಸಾಧ್ಯ. ನಕ್ಷತ್ರಗಳ ವಿಷಯದಲ್ಲಿಯೂ ಇದೇ ತೊಡಕು.

ನಕ್ಷತ್ರದ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಅದರಲ್ಲಿ ಕಪ್ಪು ರೇಖೆಗಳು ಗೋಚರಿಸುತ್ತವೆ. ಕ್ಯಾಲ್ಸಿಯಂ ಧಾತುವಿನ ಕೆ ರೇಖೆ ಅವುಗಳಲ್ಲೊಂದು. ಸೂರ್ಯನಂತಹ ಹಾಗೂ ಸೂರ್ಯನಿಗಿಂತ ತಂಪಾದ ನಕ್ಷತ್ರಗಳಲ್ಲಿ ಈ ಕಪ್ಪು ರೇಖೆಯ ನಡುವೆ ಕಿರಿದಾದ ಹೊಳಪಿನ ಗೆರೆಯೊಂದಿರುತ್ತದೆ. ಈ ಗೆರೆಯ ಅಗಲಕ್ಕೂ ನಕ್ಷತ್ರದ ನಿಜವಾದ ಕಾಂತಿಗೂ ಖಚಿತವಾದ ಸಂಬಂಧವಿದೆ, ನಕ್ಷತ್ರವು ಹೆಚ್ಚು ಕಾಂತಿಯುಕ್ತವಾದಷ್ಟೂ ಗೆರೆ ಅಗಲವಾಗಿರುತ್ತದೆ ಎಂದು ವಿಲ್ಸನ್ ಮತ್ತು ಬಾಪು ತೋರಿಸಿಕೊಟ್ಟರು. ಮಂದ ನಕ್ಷತ್ರಗಳಿಂದ ಹಿಡಿದು ಅವಕ್ಕಿಂತ ಲಕ್ಷಾಂತರ ಪಟ್ಟು ಪ್ರಕಾಶಮಾನವಾದ ದೈತ್ಯ ನಕ್ಷತ್ರಗಳವರೆಗೂ ಈ ನಿಯಮವು ಅನ್ವಯಿಸುತ್ತದೆ. ಗೆರೆಯನ್ನು ಅಳೆದರೆ ನಿಜಕಾಂತಿ ತಿಳಿಯುತ್ತದೆ. ನಿಜಕಾಂತಿ ತಿಳಿದರೆ ದೂರವೂ ತಿಳಿಯುತ್ತದೆ. 1957ರಲ್ಲಿ ಪ್ರಕಟವಾದ ಈ ಸಂಶೋಧನೆಯು ವಿಲ್ಸನ್–ಬಾಪು ಪರಿಣಾಮವೆಂದು ಖಗೋಳಶಾಸ್ತ್ರದ ಪಠ್ಯಗಳಲ್ಲಿ ಸ್ಥಾನ ಪಡೆದಿದೆ.

ಇಂತಹ ಸಾಧನೆಯ ಹೊಸ್ತಿಲಲ್ಲಿದ್ದ ತರುಣ ವಿಜ್ಞಾನಿಗೆ ಅಮೆರಿಕದಲ್ಲಿಯೇ ನೆಲೆಸುವುದು ಸುಲಭದ ದಾರಿಯಾಗಿತ್ತು. ಜಗತ್ತಿನ ಅತ್ಯಂತ ದೊಡ್ಡ ದೂರದರ್ಶಕಗಳು ಆಗ ಅಲ್ಲಿದ್ದವು. ಭಾರತದಲ್ಲಿ ಆಧುನಿಕ ಸಂಶೋಧನೆಗೆ ಯೋಗ್ಯವಾದ ದೊಡ್ಡ ದೂರದರ್ಶಕ ಒಂದೂ ಇರಲಿಲ್ಲ. ಆದರೂ ಬಾಪು ಅವರು 1953ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ತಾವು ಬಳಸಿದಂತಹ ಉಪಕರಣಗಳು ಇಲ್ಲಿಲ್ಲವೆಂಬುದು ಅವರಿಗೆ ತಿಳಿದೇ ಇತ್ತು. ಅವುಗಳನ್ನು ಇಲ್ಲಿ ಉಂಟುಮಾಡುವುದನ್ನೇ ಅವರು ತಮ್ಮ ಬಾಳಿನ ಕೆಲಸವನ್ನಾಗಿ ಮಾಡಿಕೊಂಡರು. ಸ್ವಂತ ಸಂಶೋಧನೆಗೆ ಮೀಸಲಾಗಬಹುದಾಗಿದ್ದ ಅನೇಕ ವರ್ಷಗಳನ್ನು ಸ್ಥಳದ ಶೋಧ, ಕಟ್ಟಡ, ಯಂತ್ರ, ಹಣ, ಸಿಬ್ಬಂದಿ ಇವುಗಳಿಗೆ ವ್ಯಯಿಸಬೇಕಾಯಿತು. ಈ ತ್ಯಾಗದ ಬೆಲೆಯನ್ನು ಸಂಸ್ಥೆ ಕಟ್ಟಿದವರು ಮಾತ್ರ ಬಲ್ಲರು.

ಮೊದಲು ಅವರು ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯದ ಹೊಣೆಯನ್ನು ವಹಿಸಿಕೊಂಡರು. 1954ರಲ್ಲಿ ವಾರಾಣಸಿಯಲ್ಲಿ ಆರಂಭವಾದ ಆ ಸಂಸ್ಥೆಯು ಅವರ ಕಾಲದಲ್ಲಿ ನೈನಿತಾಲಿನ ಗಿರಿಪ್ರದೇಶಕ್ಕೆ ಸ್ಥಳಾಂತರಗೊಂಡು ಬೆಳೆಯಿತು. 1960ರಲ್ಲಿ, ಇನ್ನೂ ಮೂವತ್ತಮೂರು ತುಂಬುವ ವಯಸ್ಸಿನಲ್ಲಿ, ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. 1899ರಲ್ಲಿ ಸ್ಥಾಪಿತವಾದ ಆ ಕೇಂದ್ರವು ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. ಸೂರ್ಯನ ಕಲೆಗಳಲ್ಲಿ ಅನಿಲವು ಹರಿಯುವ ಬಗೆಯನ್ನು 1909ರಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದುದು ಅಲ್ಲಿಯೇ. ನಕ್ಷತ್ರಗಳಲ್ಲಿ ಬಾಪು ಅಳೆದಿದ್ದ ಅದೇ ಕ್ಯಾಲ್ಸಿಯಂ ರೇಖೆಯ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಅಲ್ಲಿ ತೆಗೆಯುತ್ತ ಬಂದಿದ್ದರು. ಆ ಸಂಗ್ರಹವು ಈಗ ಗಣಕಯಂತ್ರಗಳಿಗೆ ಅಳವಟ್ಟು, ಸೂರ್ಯನ ಶತಮಾನದ ಚರಿತ್ರೆಯನ್ನು ಅರಸುವವರಿಗೆ ಆಕರವಾಗಿದೆ.

ಕೊಡೈಕನಾಲಿನ ಆಕಾಶ ಹಗಲಿನ ಸೂರ್ಯವೀಕ್ಷಣೆಗೆ ಒದಗುತ್ತಿದ್ದರೂ ರಾತ್ರಿಯ ನಕ್ಷತ್ರವೀಕ್ಷಣೆಗೆ ಬೇರೊಂದು ತಾಣ ಬೇಕಾಗಿತ್ತು. ದಕ್ಷಿಣ ಭಾರತದ ಬೆಟ್ಟಗಳನ್ನು ಪರಿಶೀಲಿಸಿ ಬಾಪು ಅವರು ತಮಿಳುನಾಡಿನ ಜವ್ವಾದು ಬೆಟ್ಟಗಳ ನಡುವಣ ಕಾವಲೂರನ್ನು ಆರಿಸಿದರು. ಕಾವಲೂರು ಸಮಭಾಜಕ ವೃತ್ತಕ್ಕೆ ಉತ್ತರದಲ್ಲಿ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಬದನಗುಪ್ಪೆಯೂ ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿದೆ. ಆದುದರಿಂದ ಕಾವಲೂರಿನ ದೂರದರ್ಶಕ ನೋಡುವ ಆಕಾಶವೇ ಈ ಊರಿನ ಮೇಲೆಯೂ ಕವಿಯುವ ಆಕಾಶ. ದಕ್ಷಿಣ ದಿಕ್ಕಿನ ಅಗಸ್ತ್ಯ, ತ್ರಿಶಂಕು ಮೊದಲಾದ ನಕ್ಷತ್ರಗಳು ಐರೋಪ್ಯ ವೀಕ್ಷಣಾಲಯಗಳಿಗೆ ಮರೆಯಾಗಿರುತ್ತವೆ. ಇಲ್ಲಿಂದ ಉತ್ತರದ ಆಕಾಶವೂ ದಕ್ಷಿಣದ ಬಹುಭಾಗವೂ ಗೋಚರವಾಗುತ್ತವೆ. ಈ ಭೌಗೋಳಿಕ ಅನುಕೂಲವನ್ನು ಬಾಪು ಅವರು ದೂರದೃಷ್ಟಿಯಿಂದ ಗುರುತಿಸಿದರು.

1968ರಲ್ಲಿ ಕಾವಲೂರಿನಲ್ಲಿ ವೀಕ್ಷಣೆ ಆರಂಭವಾದುದು ಕೊಡೈಕನಾಲಿನಲ್ಲಿಯೇ ತಯಾರಿಸಿದ 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ. 1972ರಲ್ಲಿ ಒಂದು ಮೀಟರ್ ವ್ಯಾಸದ ಜರ್ಮನ್ ದೂರದರ್ಶಕವು ಸ್ಥಾಪಿತವಾಯಿತು. ಗುರುಗ್ರಹದ ಉಪಗ್ರಹ ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲವಿರಬಹುದೆಂಬ ಸುಳಿವು ಅದೇ ವರ್ಷ ಅಲ್ಲಿನ ವೀಕ್ಷಣೆಯಿಂದ ದೊರೆಯಿತು. 1977ರಲ್ಲಿ ಯುರೇನಸ್ ಗ್ರಹದ ಉಂಗುರಗಳು ಬೆಳಕಿಗೆ ಬಂದಾಗಲೂ ಕಾವಲೂರಿನ ದಾಖಲೆಗಳು ಆ ಶೋಧಕ್ಕೆ ಪುಷ್ಟಿಯನ್ನಿತ್ತವು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡು ಬಾಪು ಅವರು ಅದರ ಸ್ಥಾಪಕ ನಿರ್ದೇಶಕರಾದರು. ಕೆಲವು ವರ್ಷಗಳಲ್ಲಿ ಅದರ ಕೇಂದ್ರ ಕಾರ್ಯಾಲಯವು ಬೆಂಗಳೂರಿನ ಕೋರಮಂಗಲಕ್ಕೆ ಬಂದಿತು. ರಾಮನ್ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಗೌರಿಬಿದನೂರಿನ ಬಳಿ ರೇಡಿಯೋ ದೂರದರ್ಶಕವೂ ಅದೇ ದಶಕದಲ್ಲಿ ಎದ್ದಿತು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ಪಥವು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಜನರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದ ಆ ಅಪರಾಹ್ನ, ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಸಮೀಪದ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಬಿಡಾರ ಹೂಡಿ ಸೂರ್ಯನ ಕಿರೀಟವನ್ನು ಅಭ್ಯಸಿಸಿದರು.

ಬಾಪು ಅವರ ಮಹದಾಸೆಯೊಂದು ಉಳಿದಿತ್ತು: ಭಾರತದಲ್ಲಿಯೇ ವಿನ್ಯಾಸಗೊಂಡು ಭಾರತದಲ್ಲಿಯೇ ನಿರ್ಮಿತವಾದ ದೊಡ್ಡ ದೂರದರ್ಶಕ. ಸಿದ್ಧ ಯಂತ್ರವನ್ನು ಹೊರದೇಶದಿಂದ ಕೊಂಡು ತರಬಹುದಾಗಿತ್ತು. ಆದರೆ ಕೊಂಡ ಯಂತ್ರದೊಡನೆ ಅದನ್ನು ಕಟ್ಟುವ ಕುಶಲತೆ ಬರುವುದಿಲ್ಲವೆಂಬುದು ಅವರ ನಂಬಿಕೆ. 2.34 ಮೀಟರ್ ವ್ಯಾಸದ ದರ್ಪಣವನ್ನು ಉಜ್ಜಿ ನಯಗೊಳಿಸುವ ಕಾರ್ಯ ಬೆಂಗಳೂರಿನ ಸಂಸ್ಥೆಯ ಕಾರ್ಯಾಗಾರದಲ್ಲಿಯೇ ನಡೆಯಿತು.

ಈ ನಡುವೆ 1970ರಲ್ಲಿ ಭಟ್ನಾಗರ್ ಪ್ರಶಸ್ತಿಯೂ 1981ರಲ್ಲಿ ಪದ್ಮಭೂಷಣವೂ ಅವರಿಗೆ ಸಂದಿದ್ದವು. 1979ರಲ್ಲಿ ಅವರು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಚುನಾಯಿತರಾದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರು. 1982ರ ಆಗಸ್ಟಿನಲ್ಲಿ ಗ್ರೀಸಿನ ಪತ್ರಾಸ್ ನಗರದಲ್ಲಿ ಸೇರಿದ ಒಕ್ಕೂಟದ ಮಹಾಧಿವೇಶನಕ್ಕೆ ಅವರು ಅಧ್ಯಕ್ಷತೆ ವಹಿಸಬೇಕಾಗಿತ್ತು. ವಿಧಿ ಬೇರೆಯಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಐವತ್ತೈದು ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವು. ಕನಸಿನ ದೂರದರ್ಶಕವಿನ್ನೂ ಪೂರ್ಣಗೊಂಡಿರಲಿಲ್ಲ.

ಆದರೆ ಬಾಪು ಅವರು ಯಂತ್ರಗಳೊಡನೆ ಮನುಷ್ಯರನ್ನೂ ಸಿದ್ಧಪಡಿಸಿದ್ದರು. ಅವರ ಸಹೋದ್ಯೋಗಿಗಳೂ ಶಿಷ್ಯರೂ ಕಾರ್ಯವನ್ನು ನಿಲ್ಲಗೊಡಲಿಲ್ಲ. 1986ರ ಜನವರಿ 6ರಂದು ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಕಾವಲೂರಿನ ವೀಕ್ಷಣಾಲಯಕ್ಕೂ ಹೊಸ ದೂರದರ್ಶಕಕ್ಕೂ ವೈನು ಬಾಪು ಅವರ ಹೆಸರನ್ನಿತ್ತರು. ಅವರು ನೆಟ್ಟ ಸಂಸ್ಥೆಯ ಕೊಂಬೆಗಳು ಅಲ್ಲಿಂದ ಮುಂದಕ್ಕೆ ದೂರದೂರ ಹರಡಿವೆ. ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸಲಾಗುತ್ತದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಆದಿತ್ಯ ನೌಕೆಯ ಮುಖ್ಯ ಉಪಕರಣವು ಆ ಹೊಸಕೋಟೆಯಲ್ಲಿಯೇ ಸಿದ್ಧವಾಯಿತು. 1980ರಲ್ಲಿ ಕೆಲವೇ ನಿಮಿಷಗಳಷ್ಟು ಕಾಲ ಕಂಡ ಸೂರ್ಯನ ಕಿರೀಟವನ್ನು ಆ ಉಪಕರಣವು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಗ್ರಹಣದ ಹಂಗಿಲ್ಲದೆ ನೋಡುತ್ತದೆ.

ತಾನು ನೆಟ್ಟ ಮರದ ನೆರಳಿನಲ್ಲಿ ಕೂರುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ. ತಾವು ನೋಡಲಾರದ ಫಲಕ್ಕಾಗಿ ದುಡಿಯುವ ಗುರುಗಳಿಗೂ, ತಾವು ಕಾಣದ ಮಕ್ಕಳ ಓದಿಗಾಗಿ ಕೈಯೆತ್ತಿ ಕೊಡುವ ದಾನಿಗಳಿಗೂ ವೈನು ಬಾಪು ಅವರ ಬಾಳು ಧೈರ್ಯವನ್ನೀಯುವಂತಹುದು. ಮಾಘ ಫಾಲ್ಗುಣದ ನಿರ್ಮಲ ಸಂಜೆಗಳಲ್ಲಿ ಬದನಗುಪ್ಪೆಯ ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರವು ಬೆಳಗುತ್ತಿರುತ್ತದೆ. ಅದನ್ನು ಕಂಡು ಅದರ ದೂರವೆಷ್ಟೆಂದು ಕೇಳುವ ಮಗುವೊಂದು ಈ ಶಾಲೆಯ ಅಂಗಳದಲ್ಲಿಯೂ ಬೆಳೆಯಲಿ.