ಡಿ. ಡಿ. ಕೋಸಂಬಿ: ಗಣಿತದಿಂದ ಪುರಾತತ್ತ್ವದವರೆಗೆ

ಗಣಿತಜ್ಞರು ಕೋಸಂಬಿ ಎಂಬ ಹೆಸರನ್ನು ಜ್ಯಾಮಿತಿಯ ಒಂದು ಸಿದ್ಧಾಂತದ ಮೂಲಕ ಬಲ್ಲರು. ತಳಿವಿಜ್ಞಾನಿಗಳಿಗೆ ಅದು ಒಂದು ಸೂತ್ರದ ಹೆಸರು. ಸಂಸ್ಕೃತ ವಿದ್ವಾಂಸರಿಗೆ ಆತ ಭರ್ತೃಹರಿಯ ಸಂಪಾದಕ. ಇತಿಹಾಸದ ವಿದ್ಯಾರ್ಥಿಗಳಿಗೆ ಪ್ರಾಚೀನ ಭಾರತದ ಅಧ್ಯಯನಕ್ಕೆ ಹೊಸ ದಿಕ್ಕನ್ನು ತೋರಿದ ಆಚಾರ್ಯ. ಈ ನಾಲ್ವರೂ ಒಬ್ಬರೇ ವ್ಯಕ್ತಿ ಎಂಬುದನ್ನು ಅರಿತಾಗ ಆಶ್ಚರ್ಯವಾಗುವುದು ಸಹಜ. ಆದರೆ ಅವರ ಬದುಕನ್ನು ಕ್ರಮವಾಗಿ ಗಮನಿಸಿದರೆ, ಈ ಶಾಸ್ತ್ರಗಳ ನಡುವೆ ಅವರು ನಡೆದ ದಾರಿ ಒಂದೇ ಎಂಬುದು ಮನವರಿಕೆಯಾಗುತ್ತದೆ.

ದಾಮೋದರ ಧರ್ಮಾನಂದ ಕೋಸಂಬಿ ಅವರು 1907ರ ಜುಲೈ 31ರಂದು, ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯ ಕೋಸ್ಬೆನ್ ಗ್ರಾಮದಲ್ಲಿ ಜನಿಸಿದರು. ತಂದೆ ಧರ್ಮಾನಂದ ಕೋಸಂಬಿ ಅಸಾಧಾರಣ ಪುರುಷರು. ಬುದ್ಧನ ಧರ್ಮವನ್ನು ಮೂಲದಿಂದಲೇ ಅರಿಯಬೇಕೆಂಬ ಹಂಬಲದಿಂದ ಮನೆ ತೊರೆದು, ಸಿಂಹಳ ಮತ್ತು ಬರ್ಮಾ ದೇಶಗಳಿಗೆ ಹೋಗಿ, ಭಿಕ್ಷುವಾಗಿ ಪಾಲಿ ಕಲಿತು ಬಂದವರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿಯ ಅಧ್ಯಾಪಕರಾದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿಸುದ್ಧಿಮಗ್ಗದ ಸಂಪಾದನೆಯ ಕಾರ್ಯದಲ್ಲಿ ತೊಡಗಿದರು. 1918ರಲ್ಲಿ ಅವರು ಪುನಃ ಅಮೆರಿಕಕ್ಕೆ ಹೊರಟಾಗ ಹನ್ನೊಂದು ವರ್ಷದ ದಾಮೋದರನೂ ಅಕ್ಕ ಮಾಣಿಕ್ ಅವರೂ ಜೊತೆಗಿದ್ದರು. ಕೇಂಬ್ರಿಜ್ ಪಟ್ಟಣದ ಶಾಲೆಯಲ್ಲಿ ಓದಿ, ನಡುವೆ ಕೆಲಕಾಲ ತಾಯ್ನಾಡಿನಲ್ಲಿದ್ದು, 1929ರಲ್ಲಿ ದಾಮೋದರ ಹಾರ್ವರ್ಡಿನಿಂದ ಅತ್ಯುಚ್ಚ ಗೌರವದೊಡನೆ ಪದವಿ ಪಡೆದರು. ಗಣಿತದೊಡನೆ ಯುರೋಪಿನ ಹಲವು ಭಾಷೆಗಳೂ ಅವರಿಗೆ ಕರಗತವಾಗಿದ್ದವು.

ಅದೇ ವರ್ಷ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾದರು. ಎರಡು ವರ್ಷಗಳ ತರುವಾಯ ಫ್ರಾನ್ಸಿನ ತರುಣ ಗಣಿತಜ್ಞ ಆಂದ್ರೆ ವೆಯ್ಲ್ ಅವರ ಆಹ್ವಾನದ ಮೇರೆಗೆ ಅಲೀಗಢಕ್ಕೆ ತೆರಳಿದರು. ಅಲ್ಲಿಂದ ಪುಣೆಗೆ ಬಂದು, ತಂದೆ ಪಾಲಿ ಕಲಿಸಿದ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಮಗ ಗಣಿತ ಕಲಿಸತೊಡಗಿದರು. ಪಥಜ್ಯಾಮಿತಿಯನ್ನು ಕುರಿತು ಈ ಅವಧಿಯಲ್ಲಿ ಅವರು ಬರೆದ ಪ್ರಬಂಧಗಳು ಯುರೋಪಿನ ವಿದ್ವಾಂಸರ ಗಮನ ಸೆಳೆದವು. ಇಂದಿಗೂ ಆ ಸಿದ್ಧಾಂತವನ್ನು ಕೋಸಂಬಿ, ಕಾರ್ಟಾನ್ ಮತ್ತು ಚರ್ನ್ ಎಂಬ ಮೂವರ ಹೆಸರಿನಿಂದ ಕರೆಯುತ್ತಾರೆ. 1934ರಲ್ಲಿ ಅವರಿಗೆ ರಾಮಾನುಜನ್ ಸ್ಮಾರಕ ಬಹುಮಾನ ಸಂದಿತು.

ಗಣಿತದಿಂದ ಸಂಖ್ಯಾಶಾಸ್ತ್ರದ ಕಡೆಗೆ ಹೊರಳಿದ್ದು ಅವರ ಬದುಕಿನ ನಿರ್ಣಾಯಕ ತಿರುವು. 1944ರಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖನ ತಳಿವಿಜ್ಞಾನದಲ್ಲಿ ಅವರನ್ನು ಚಿರಸ್ಥಾಯಿಗೊಳಿಸಿತು. ವರ್ಣತಂತುವಿನ ಮೇಲೆ ಎರಡು ವಂಶವಾಹಿಗಳು ಎಷ್ಟು ದೂರದಲ್ಲಿವೆ ಎಂಬುದನ್ನು, ಸಂತತಿಯಲ್ಲಿ ಅವು ಎಷ್ಟು ಬಾರಿ ಬೇರ್ಪಡುತ್ತವೆ ಎಂಬುದರಿಂದ ಅಂದಾಜು ಮಾಡುತ್ತಾರೆ. ದೂರ ಹೆಚ್ಚಿದಂತೆ ಈ ಅಂದಾಜು ತಪ್ಪುತ್ತದೆ. ಏಕೆಂದರೆ ನಡುವೆ ಎರಡು ಬಾರಿ ವಿನಿಮಯ ನಡೆದರೆ ಅದು ಹೊರಗೆ ಕಾಣುವುದೇ ಇಲ್ಲ. ಅಲ್ಲದೆ ಒಂದೆಡೆ ನಡೆದ ವಿನಿಮಯವು ಸಮೀಪದಲ್ಲಿ ಇನ್ನೊಂದು ನಡೆಯದಂತೆ ತಡೆಯುತ್ತದೆ. ಈ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಸರಳ ಸೂತ್ರವನ್ನು ಕೋಸಂಬಿ ನೀಡಿದರು. ಬೆಳೆಗಳ ಮತ್ತು ಪ್ರಾಣಿಗಳ ವಂಶವಾಹಿ ನಕ್ಷೆಗಳನ್ನು ರಚಿಸುವವರು ಇಂದಿಗೂ ಅದನ್ನು ಬಳಸುತ್ತಾರೆ.

ಸಂಖ್ಯಾಶಾಸ್ತ್ರವನ್ನು ಪರೀಕ್ಷಿಸಲು ಅವರಿಗೆ ಒಂದು ವಸ್ತು ಬೇಕಾಗಿತ್ತು. ಅದು ಹಳೆಯ ನಾಣ್ಯಗಳಲ್ಲಿ ದೊರೆಯಿತು. ಮೌರ್ಯರ ಕಾಲಕ್ಕೂ ಅದಕ್ಕಿಂತ ಹಿಂದಕ್ಕೂ ಸೇರಿದ, ಮುದ್ರೆಯೊತ್ತಿದ ಬೆಳ್ಳಿಯ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ವರ್ಷವಿಲ್ಲ. ಅವುಗಳ ಕಾಲವನ್ನು ನಿರ್ಣಯಿಸುವುದು ಹೇಗೆ? ಕೈಯಿಂದ ಕೈಗೆ ಹೋಗುವ ನಾಣ್ಯ ಸವೆಯುತ್ತದೆ. ಹೆಚ್ಚು ಕಾಲ ಚಲಾವಣೆಯಲ್ಲಿದ್ದಷ್ಟೂ ಅದರ ತೂಕ ಕಡಿಮೆಯಾಗುತ್ತದೆ. ಒಂದೇ ನಾಣ್ಯದಿಂದ ಇದನ್ನು ಹೇಳಲಾಗದು. ಒಂದು ದೊಡ್ಡ ನಿಧಿಯ ಸರಾಸರಿಯಿಂದ ಹೇಳಬಹುದು. ಈ ತರ್ಕವನ್ನು ಹಿಡಿದು ಅವರು ತಕ್ಷಶಿಲೆಯ ನಿಧಿಯ ನಾಣ್ಯಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದರು. ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ, ವರ್ಷ ಗೊತ್ತಿದ್ದ ನಾಣ್ಯಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ತೂಗಿ, ತರ್ಕ ಸರಿಯೇ ಎಂದು ಪರೀಕ್ಷಿಸಿದರು. ನಾಣ್ಯದ ಹಿಂಬದಿಯ ಚಿಕ್ಕ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತದೆ ಎಂಬುದನ್ನು ತೋರಿಸಿ, ನಾಣ್ಯಗುಂಪುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರು. ನಾಣ್ಯಶಾಸ್ತ್ರವು ಸಂಗ್ರಾಹಕರ ಹವ್ಯಾಸದಿಂದ ವಿಜ್ಞಾನದ ಅಂಗಳಕ್ಕೆ ಬಂದದ್ದು ಹೀಗೆ.

ಆ ನಾಣ್ಯಗಳನ್ನು ಅಚ್ಚು ಹಾಕಿಸಿದವರು ಯಾರು ಎಂಬ ಪ್ರಶ್ನೆ ಅವರನ್ನು ಪ್ರಾಚೀನ ಗ್ರಂಥಗಳ ಕಡೆಗೆ ಕರೆದೊಯ್ಯಿತು. ಗ್ರಂಥಗಳನ್ನು ನಂಬುವ ಮೊದಲು ಪಾಠಶುದ್ಧಿ ಆಗಬೇಕು. ಅದಕ್ಕೆ ಸಂಸ್ಕೃತ ಬೇಕು. ಭರ್ತೃಹರಿಯ ಹೆಸರಿನಲ್ಲಿ ಪ್ರಚಲಿತವಾದ ಸುಭಾಷಿತಗಳು ದೇಶದ ಮೂಲೆಮೂಲೆಯ ಹಸ್ತಪ್ರತಿಗಳಲ್ಲಿ ಬೇರೆಬೇರೆ ರೂಪದಲ್ಲಿದ್ದವು. ನೂರಾರು ಹಸ್ತಪ್ರತಿಗಳನ್ನು ತುಲನೆಮಾಡಿ, ಉತ್ತರ ಮತ್ತು ದಕ್ಷಿಣದ ಪಾಠಪರಂಪರೆಗಳನ್ನು ಬಿಡಿಸಿ, 1948ರಲ್ಲಿ ಅವರು ಸಂಶೋಧಿತ ಆವೃತ್ತಿಯನ್ನು ಹೊರತಂದರು. 1957ರಲ್ಲಿ ವಿ. ವಿ. ಗೋಖಲೆ ಅವರೊಡನೆ ವಿದ್ಯಾಕರನ ಸುಭಾಷಿತರತ್ನಕೋಶವನ್ನು ಸಂಪಾದಿಸಿದರು. ಹಾರ್ವರ್ಡಿನ ಪ್ರಾಚ್ಯಗ್ರಂಥಮಾಲೆಯಲ್ಲಿ ಪ್ರಕಟವಾದ ಈ ಕೃತಿಗೆ ಆಧಾರವಾದ ಸಾಮಗ್ರಿಯಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಿಂದ ತಂದ ತಾಳೆಗರಿಯ ಛಾಯಾಚಿತ್ರಗಳೂ ಸೇರಿದ್ದವು. ಗ್ರಂಥಸಂಪಾದನೆಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳಿಗೆ ಇದೊಂದು ಗಮನಾರ್ಹ ನಿದರ್ಶನ: ನಾಣ್ಯಗಳ ಪೂರ್ವಾಪರವನ್ನು ಕಂಡುಹಿಡಿಯಲು ಬೇಕಾದ ತಾಳ್ಮೆಯೇ ಪ್ರತಿಗಳ ಪೂರ್ವಾಪರಕ್ಕೂ ಬೇಕಾಯಿತು.

ಗ್ರಂಥಗಳಲ್ಲಿ ಸಿಗದ ಉತ್ತರಗಳನ್ನು ಅವರು ನೆಲದ ಮೇಲೆ ಹುಡುಕಿದರು. ಪುಣೆಯ ತಮ್ಮ ಮನೆಯ ಸಮೀಪದ ಗುಡ್ಡಗಳಿಂದ ಮೊದಲಾಗಿ ದಖ್ಖನಿನ ಹಳ್ಳಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದರು. ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನು ಆಯ್ದರು; ಕಾರ್ಲೆಯ ಬೌದ್ಧ ಗುಹೆಗಳ ಬ್ರಾಹ್ಮೀ ಶಾಸನಗಳನ್ನು ಪರಿಶೀಲಿಸಿದರು; ಊರಾಚೆಯ ಮ್ಹಸೋಬಾ, ಸಟವಾಯಿ, ಬೋಲ್ಹಾಯಿಯರ ಗದ್ದುಗೆಗಳ ಮುಂದೆ ನಿಂತು ಹಳ್ಳಿಗರಿಂದ ಆಚರಣೆಗಳನ್ನು ಕೇಳಿ ಬರೆದುಕೊಂಡರು. ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ಪಾಲಖಿಗಳು ಸಾಗುವ ದಾರಿಯನ್ನು ಕುರಿತ ಅವರ ಅಧ್ಯಯನ ಈ ಭಾಗದ ಓದುಗರಿಗೆ ವಿಶೇಷವಾಗಿ ಪ್ರಿಯವಾದೀತು. ಮಳೆಗಾಲದ ಆಚೀಚೆ ಕುರಿಮಂದೆಯೊಡನೆ ಧನಗರರು ನಡೆಯುವ ಹಾದಿ, ಹಳೆಯ ದೇವತೆಗಳ ಸ್ಥಾನಗಳು, ಕಲ್ಲಿನ ಉಪಕರಣಗಳು ಸಿಗುವ ತಾಣಗಳು ಇವನ್ನು ಒಟ್ಟಿಗೆ ಇರಿಸಿ ನೋಡಿ, ವಾರಕರಿಗಳು ತುಳಿಯುವ ಹಾದಿಯ ಮೂಲ ಇತಿಹಾಸಪೂರ್ವ ಕಾಲದ ಋತುಸಂಚಾರದಲ್ಲಿದೆ ಎಂದು ಅವರು ಪ್ರತಿಪಾದಿಸಿದರು.

ಈ ಎಲ್ಲ ಶೋಧದ ಫಲವೇ 1956ರಲ್ಲಿ ಬಂದ ಭಾರತೀಯ ಇತಿಹಾಸದ ಅಧ್ಯಯನಕ್ಕೆ ಪ್ರವೇಶರೂಪವಾದ ಗ್ರಂಥ, 1962ರ ಪುರಾಣ ಮತ್ತು ವಾಸ್ತವ ಕುರಿತ ಪ್ರಬಂಧಗಳು, 1965ರ ಸಂಸ್ಕೃತಿ ಮತ್ತು ನಾಗರಿಕತೆಯ ಚರಿತ್ರೆ. ರಾಜವಂಶಗಳ ಪಟ್ಟಿಗಿಂತ, ಜನರು ಅನ್ನವನ್ನು ಹೇಗೆ ಉತ್ಪಾದಿಸಿದರು, ಆ ಉತ್ಪಾದನೆಯ ಸಂಬಂಧಗಳು ಹೇಗೆ ಬದಲಾದವು ಎಂಬುದೇ ಇತಿಹಾಸದ ತಿರುಳು ಎಂದು ಅವರು ಬಗೆದರು. ಮಾರ್ಕ್ಸನ ವಿಧಾನವನ್ನು ಸ್ವೀಕರಿಸಿದವರಾದರೂ, ಎಸ್. ಎ. ಡಾಂಗೆ ಅವರು ಆ ವಿಧಾನವನ್ನು ಭಾರತಕ್ಕೆ ಯಾಂತ್ರಿಕವಾಗಿ ಅನ್ವಯಿಸಿ ಬರೆದ ಪುಸ್ತಕವನ್ನು ಕಟುವಾಗಿ ವಿಮರ್ಶಿಸಲು ಹಿಂಜರಿಯಲಿಲ್ಲ.

ಇಷ್ಟೆಲ್ಲದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹೋಮಿ ಭಾಭಾ ಅವರ ಆಹ್ವಾನದಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಅದರ ಆರಂಭದ ದಿನಗಳಲ್ಲಿಯೇ ಸೇರಿದ್ದ ಅವರು, ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಮುಂಬಯಿಗೆ ಹೋಗಿಬರುತ್ತಿದ್ದರು. ಬಿಸಿಲಿನ ದೇಶಕ್ಕೆ ಅಣುಶಕ್ತಿಗಿಂತ ಸೌರಶಕ್ತಿಯೇ ತಕ್ಕುದೆಂದು ಅವರು ಬಹಿರಂಗವಾಗಿ ವಾದಿಸಿದರು; ವಿಶ್ವಶಾಂತಿ ಚಳವಳಿಯಲ್ಲಿ ಸಕ್ರಿಯರಾದರು. ಭಾಭಾ ಅವರೊಡನೆ ಅಂತರ ಬೆಳೆಯಿತು. ಇದೇ ಹೊತ್ತಿಗೆ, 1959ರಲ್ಲಿ, ಗಣಿತದ ಅತಿ ಕಠಿಣ ಸಮಸ್ಯೆಗಳಲ್ಲೊಂದಾದ ರೀಮನ್ ಊಹೆಯನ್ನು ಸಂಭವನೀಯತೆಯ ವಿಧಾನದಿಂದ ಸಾಧಿಸಿರುವುದಾಗಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆ ಸಾಧನೆ ನಿಲ್ಲಲಿಲ್ಲ. ಗಣಿತಜ್ಞರ ನಡುವೆ ಅವರ ಹೆಸರಿಗೆ ಪೆಟ್ಟುಬಿತ್ತು. 1962ರಲ್ಲಿ ಸಂಸ್ಥೆ ಅವರ ಸೇವಾವಧಿಯನ್ನು ಮುಂದುವರಿಸಲಿಲ್ಲ. ಐವತ್ತೈದರ ವಯಸ್ಸಿನಲ್ಲಿ, ಇತಿಹಾಸದಲ್ಲಿ ಕೀರ್ತಿ ಏರುತ್ತಿದ್ದಾಗಲೇ, ಮೂಲವಿದ್ಯೆಯ ನೆಲೆ ಕೈತಪ್ಪಿತು. ಎರಡು ವರ್ಷಗಳ ಬಳಿಕವಷ್ಟೇ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿಯ ಗೌರವ ವಿಜ್ಞಾನಿಯಾಗಿ ಪುಣೆಯಲ್ಲಿ ಸ್ಥಾನ ದೊರೆಯಿತು. 1966ರ ಜೂನ್ 29ರಂದು, ಐವತ್ತೊಂಬತ್ತು ತುಂಬುವ ಮೊದಲೇ, ಹೃದಯಾಘಾತದಿಂದ ನಿದ್ರೆಯಲ್ಲಿಯೇ ಅವರು ತೀರಿಕೊಂಡರು.

2008ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು. ಅವರ ಕೆಲವು ನಿರ್ಣಯಗಳನ್ನು ನಂತರದ ಸಂಶೋಧಕರು ತಿದ್ದಿದ್ದಾರೆ. ಆದರೆ ನಾಣ್ಯ, ಹಸ್ತಪ್ರತಿ, ಕಲ್ಲಿನ ಚೂರು, ಹಳ್ಳಿಯ ಹರಕೆ ಇವೆಲ್ಲ ಒಂದೇ ಸಮಾಜದ ಸಾಕ್ಷಿಗಳು, ಒಂದನ್ನು ಇನ್ನೊಂದರ ಎದುರು ಇಟ್ಟೇ ಓದಬೇಕು ಎಂಬ ಅವರ ವಿಧಾನ ಉಳಿದಿದೆ. ಆಷಾಢದಲ್ಲಿ ದಿಂಡಿಗಳು ಸಾಗುವ, ಕುರಿಹಟ್ಟಿಗಳು ಬೀಡುಬಿಡುವ ಈ ಸೀಮೆಯಲ್ಲಿ ಓದುವ ಕನ್ನಡ ವಿದ್ಯಾರ್ಥಿಗೆ ಆ ವಿಧಾನವನ್ನು ಅನ್ವಯಿಸಲು ದೂರ ಹೋಗಬೇಕಾಗಿಲ್ಲ. ತನ್ನ ಊರಿನ ಸೀಮೆಗಲ್ಲಿನಿಂದಲೇ ಆರಂಭಿಸಬಹುದು.