ಕುಮಾರ ಗಂಧರ್ವ

ಪಂಡಿತ್ ಕುಮಾರ ಗಂಧರ್ವ (ಏಪ್ರಿಲ್ 8, 1924 – ಜನವರಿ 12, 1992) ಹಿಂದೂಸ್ತಾನಿ ಶಾಸ್ತ್ರೀಯ ಸಂಗೀತದ ಅಗ್ರಗಣ್ಯ ಗಾಯಕರಲ್ಲಿ ಒಬ್ಬರು. ಇವರ ಜನ್ಮನಾಮ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿಮಠ. ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಇವರು ಮುಂಬಯಿಯಲ್ಲಿ ಸಂಗೀತಶಿಕ್ಷಣ ಪಡೆದು, ತಮ್ಮ ಜೀವಿತದ ಬಹುಭಾಗವನ್ನು ಮಧ್ಯಪ್ರದೇಶದ ದೇವಾಸ್ ಪಟ್ಟಣದಲ್ಲಿ ಕಳೆದರು. ಬಾಲಪ್ರತಿಭೆಯಾಗಿ ಪ್ರಸಿದ್ಧರಾದ ಇವರು ಯೌವನದಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿ ಸುಮಾರು ಐದು ವರ್ಷಗಳ ಕಾಲ ಹಾಡಲಾಗದೆ ಉಳಿದು, ಅನಂತರ ಹೊಸದೊಂದು ಗಾಯನಶೈಲಿಯೊಂದಿಗೆ ವೇದಿಕೆಗೆ ಮರಳಿದರು. ಘರಾಣೆಯ ಕಟ್ಟುಪಾಡುಗಳನ್ನು ಮೀರಿದ ರಾಗಚಿಂತನೆ, ಮಾಳವ ಪ್ರಾಂತದ ಜಾನಪದ ಧುನ್‌ಗಳಿಂದ ರೂಪಿಸಿದ ಹೊಸ ರಾಗಗಳು ಹಾಗೂ ಕಬೀರರ ನಿರ್ಗುಣ ಪದಗಳ ಗಾಯನ ಇವರ ಮುಖ್ಯ ಕೊಡುಗೆಗಳು.

ಜನನ ಮತ್ತು ಬಾಲ್ಯ

ಕುಮಾರ ಗಂಧರ್ವರು 1924ರ ಏಪ್ರಿಲ್ 8ರಂದು ಬೆಳಗಾವಿಗೆ ಸಮೀಪದ ಸುಳೇಭಾವಿ ಗ್ರಾಮದ ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಮನೆಮಾತು ಕನ್ನಡ. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುಗಾರರು, ಸಂಗೀತದಲ್ಲಿ ಅಪಾರ ಆಸಕ್ತಿಯುಳ್ಳವರು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ–ಧಾರವಾಡ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ನಾಟಕ ಕಂಪನಿಗಳು, ಮಠಗಳ ಭಜನೆ ಹಾಗೂ ಉಸ್ತಾದರ ಬೈಠಕ್‌ಗಳು ಜೊತೆಜೊತೆಯಾಗಿ ನಡೆಯುತ್ತಿದ್ದವು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಮುಂತಾದವರೂ ಇದೇ ಸುತ್ತಿನ ವಾತಾವರಣದಲ್ಲಿ ಬೆಳೆದವರು.

ಶಿವಪುತ್ರನ ಪ್ರತಿಭೆ ಬಹಳ ಎಳೆಯ ವಯಸ್ಸಿನಲ್ಲಿಯೇ, ಕ್ರಮಬದ್ಧವಾದ ಯಾವ ಪಾಠವೂ ಆಗುವ ಮೊದಲೇ ಪ್ರಕಟವಾಯಿತು. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಗಾಯನವನ್ನು ಆತ ಆಲಾಪ, ತಾನ್, ಉಚ್ಚಾರಣೆಯ ವೈಶಿಷ್ಟ್ಯಗಳ ಸಹಿತ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್, ರಾಮಕೃಷ್ಣಬುವಾ ವಝೆಯವರಂತಹ, ಒಬ್ಬರಿಗಿಂತ ಒಬ್ಬರು ಭಿನ್ನರಾದ ಗಾಯಕರನ್ನು ಒಂದೇ ಕಂಠದಲ್ಲಿ ಕೇಳಿದ ಜನರು ಬೆರಗಾಗುತ್ತಿದ್ದರು. ಬಾಲಕನ ಗಾಯನವನ್ನು ಮೆಚ್ಚಿದ ಮಠಾಧೀಶರೊಬ್ಬರು ಆತನಿಗೆ ಕುಮಾರ ಗಂಧರ್ವ ಎಂಬ ಬಿರುದನ್ನಿತ್ತರು. ಮುಂದೆ ಆ ಬಿರುದೇ ಹೆಸರಾಗಿ ಉಳಿಯಿತು. ತಂದೆಯೊಂದಿಗೆ ಊರೂರು ಸುತ್ತಿ ಕಾರ್ಯಕ್ರಮ ನೀಡುತ್ತಿದ್ದ ಈ ಬಾಲಕನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ದೊಡ್ಡ ಹೆಸರು ಬಂದಿತ್ತು.

ದೇವಧರರ ಶಿಷ್ಯತ್ವ

1936ರಲ್ಲಿ ಮುಂಬಯಿಯಲ್ಲಿ ನಡೆದ ಸಂಗೀತ ಸಮ್ಮೇಳನವೊಂದರಲ್ಲಿ ಹನ್ನೆರಡರ ಆಸುಪಾಸಿನ ಕುಮಾರ ಗಂಧರ್ವರ ಗಾಯನ ಸಭೆಯನ್ನು ಮಂತ್ರಮುಗ್ಧಗೊಳಿಸಿತು. ಅದೇ ಸುಮಾರಿಗೆ ಅವರು ಪ್ರೊಫೆಸರ್ ಬಿ. ಆರ್. ದೇವಧರರ ಬಳಿ ಶಿಷ್ಯರಾಗಿ ಸೇರಿದರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಗ್ವಾಲಿಯರ್ ಪರಂಪರೆಯಲ್ಲಿ ಶಿಕ್ಷಣ ಪಡೆದಿದ್ದರೂ ಅವರು ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿದ್ದರು. ಬೇರೆ ಬೇರೆ ಘರಾಣೆಗಳ ಉಸ್ತಾದರಿಂದ ಬಂದಿಶ್‌ಗಳನ್ನು ಸಂಗ್ರಹಿಸುವ ಹವ್ಯಾಸವೂ ಅವರಿಗಿತ್ತು. ಗಿರಗಾಂವ್ ಪರಿಸರದಲ್ಲಿದ್ದ ಅವರ ಸಂಗೀತಶಾಲೆಗೆ ನಾನಾ ಶೈಲಿಯ ಕಲಾವಿದರು ಬಂದುಹೋಗುತ್ತಿದ್ದರು.

ದೇವಧರರ ಮುಂದಿದ್ದ ಸಮಸ್ಯೆ ಸುಲಭದ್ದಾಗಿರಲಿಲ್ಲ. ಮೂರು ನಿಮಿಷದ ತಟ್ಟೆಯನ್ನು ತಪ್ಪಿಲ್ಲದೆ ಪುನರುಚ್ಚರಿಸಬಲ್ಲ ಬಾಲಕನಿಗೆ, ತಾನು ಹಾಡುತ್ತಿರುವ ರಾಗದ ರಚನೆ ಏನು, ಅದನ್ನು ತಾನಾಗಿ ಹೇಗೆ ಮುಂದುವರಿಸಬೇಕು ಎಂಬುದು ತಿಳಿದಿರಲಿಲ್ಲ. ಸ್ವರ, ಲಯ, ರಾಗಲಕ್ಷಣಗಳನ್ನು ಮೊದಲಿನಿಂದ ಕಲಿಸಿ, ಅನುಕರಣೆಯಿಂದ ಚಿಂತನೆಯ ಕಡೆಗೆ ಆತನನ್ನು ತಿರುಗಿಸಿದ್ದು ದೇವಧರರ ದೊಡ್ಡ ಸಾಧನೆ. ಭೆಂಡಿಬಜಾರ್ ಘರಾಣೆಯ ಹಿರಿಯ ಗಾಯಕಿ ಅಂಜನೀಬಾಯಿ ಮಾಲ್ಪೇಕರ್ ಅವರಿಂದಲೂ ಕುಮಾರ ಗಂಧರ್ವರು ಮಾರ್ಗದರ್ಶನ ಪಡೆದರು. ಇಪ್ಪತ್ತು ದಾಟುವುದರೊಳಗೆ ಅವರು ಅದೇ ಶಾಲೆಯಲ್ಲಿ ಪಾಠ ಹೇಳತೊಡಗಿದ್ದರು. ದೇಶದ ಪ್ರಮುಖ ಸಮ್ಮೇಳನಗಳಲ್ಲಿ ಅವರ ಗಾಯನಕ್ಕೆ ಬೇಡಿಕೆ ಹೆಚ್ಚಿತ್ತು.

ಕ್ಷಯರೋಗ ಮತ್ತು ಮೌನದ ವರ್ಷಗಳು

1947ರಲ್ಲಿ ಕುಮಾರ ಗಂಧರ್ವರು ದೇವಧರರ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಭಾನುಮತಿ ಕಂಸ ಅವರನ್ನು ವಿವಾಹವಾದರು. ಸ್ವಲ್ಪ ಕಾಲದಲ್ಲಿಯೇ ಅವರಿಗೆ ಕ್ಷಯರೋಗ ತಗುಲಿರುವುದು ಗೊತ್ತಾಯಿತು. ಅಂದಿನ ದಿನಗಳಲ್ಲಿ ಭಾರತದಲ್ಲಿ ಕ್ಷಯಕ್ಕೆ ಪರಿಣಾಮಕಾರಿಯಾದ ಔಷಧಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಒಣಹವೆ, ಪೌಷ್ಟಿಕ ಆಹಾರ ಮತ್ತು ಸಂಪೂರ್ಣ ವಿಶ್ರಾಂತಿಗಳೇ ಮುಖ್ಯ ಚಿಕಿತ್ಸೆಯಾಗಿದ್ದವು. ಮುಂಬಯಿಯ ತೇವದ ಹವೆ ಒಗ್ಗದ ಕಾರಣ ದಂಪತಿಗಳು 1948ರ ಜನವರಿ ಕೊನೆಯಲ್ಲಿ ಇಂದೋರ್ ಸಮೀಪದ ದೇವಾಸ್‌ಗೆ ಬಂದು ನೆಲೆಸಿದರು.

ರೋಗದಿಂದ ಒಂದು ಶ್ವಾಸಕೋಶ ಬಹುತೇಕ ನಿಷ್ಪ್ರಯೋಜಕವಾಯಿತು. ಹಾಡುವುದನ್ನು ವೈದ್ಯರು ಪೂರ್ಣವಾಗಿ ನಿಷೇಧಿಸಿದರು. ಇಪ್ಪತ್ತನಾಲ್ಕರ ಹರೆಯದಲ್ಲಿ, ಕೀರ್ತಿಯ ಉತ್ತುಂಗದಲ್ಲಿದ್ದ ಗಾಯಕನ ಪಾಲಿಗೆ ಇದು ವೃತ್ತಿಯ ಅಂತ್ಯವೆಂದೇ ಎಲ್ಲರೂ ಭಾವಿಸಿದ್ದರು. ಸ್ವತಃ ಗಾಯಕಿಯಾಗಿದ್ದ ಭಾನುಮತಿಯವರು ದೇವಾಸ್‌ನ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ ಸಂಸಾರವನ್ನು ನಿರ್ವಹಿಸಿದರು, ಜೊತೆಗೆ ಪತಿಯ ಶುಶ್ರೂಷೆಯ ಹೊಣೆಯನ್ನೂ ಹೊತ್ತರು.

ಹಾಡಲಾಗದ ಆ ವರ್ಷಗಳಲ್ಲಿ ಕುಮಾರ ಗಂಧರ್ವರಿಗೆ ಉಳಿದಿದ್ದುದು ಕೇಳುವಿಕೆ ಮಾತ್ರ. ಅವರು ಮಲಗಿದ್ದ ಮನೆಯ ಸಮೀಪದ ದಾರಿಯಲ್ಲಿ ಸಂತೆಗೆ ಹೋಗಿಬರುವ ಹಳ್ಳಿಗರು ಹಾಡುತ್ತಿದ್ದ ಮಾಳವಿ ಜಾನಪದ ಗೀತೆಗಳು, ಮದುವೆ, ಹಬ್ಬ, ಋತುಗಳಿಗೆ ಸಂಬಂಧಿಸಿದ ಹೆಂಗಸರ ಹಾಡುಗಳು, ಅಲೆಮಾರಿ ನಾಥಪಂಥಿ ಜೋಗಿಗಳು ಹಾಡುವ ನಿರ್ಗುಣ ಪದಗಳು ಅವರ ಕಿವಿಗೆ ಬಿದ್ದವು. ದೇವಾಸ್‌ನಲ್ಲಿ ಶೀಲನಾಥ ಮಹಾರಾಜರ ಧುನಿ ಎಂಬ ನಾಥಪಂಥದ ಸ್ಥಳವೂ ಇದೆ. ಹಾಸಿಗೆಯಲ್ಲಿದ್ದುಕೊಂಡೇ ಅವರು ಈ ಧುನ್‌ಗಳ ಸ್ವರಸಂಚಾರವನ್ನು ಗಮನಿಸಿದರು. ಚೇತರಿಸಿಕೊಂಡ ಮೇಲೆ ಭಾನುಮತಿಯವರ ನೆರವಿನೊಂದಿಗೆ ಅಂತಹ ಹಾಡುಗಳನ್ನು ಸಂಗ್ರಹಿಸಿದರು.

1952ರ ಸುಮಾರಿಗೆ ಸ್ಟ್ರೆಪ್ಟೊಮೈಸಿನ್ ಔಷಧಿಯ ಚಿಕಿತ್ಸೆಯಿಂದ ಅವರು ಕ್ರಮೇಣ ಗುಣಮುಖರಾದರು. 1953ರಲ್ಲಿ ಮತ್ತೆ ಸಾರ್ವಜನಿಕವಾಗಿ ಹಾಡಿದರು.

ಗಾಯನಶೈಲಿ

ಮರಳಿ ಬಂದ ಗಾಯಕ ಹಿಂದಿನ ಗಾಯಕನಾಗಿರಲಿಲ್ಲ. ದೀರ್ಘವಾದ ಉಸಿರನ್ನು ಬೇಡುವ ಸುದೀರ್ಘ ತಾನ್‌ಗಳಿಗೆ ಬದಲಾಗಿ ಚಿಕ್ಕಚಿಕ್ಕ, ತೀಕ್ಷ್ಣವಾದ ಸ್ವರಗುಚ್ಛಗಳು ಅವರ ಗಾಯನದಲ್ಲಿ ಕಾಣಿಸಿಕೊಂಡವು. ಏರುದನಿಯ ಒಂದು ಸ್ವರವನ್ನು ಥಟ್ಟನೆ ಎತ್ತಿ, ಮರುಕ್ಷಣವೇ ಪಿಸುಮಾತಿನಷ್ಟು ಮೃದುವಾಗಿ ಇಳಿಸುವುದು, ಎರಡು ಸ್ವರಗುಚ್ಛಗಳ ನಡುವೆ ಮೌನಕ್ಕೆ ಅವಕಾಶ ಕೊಡುವುದು ಅವರ ವೈಶಿಷ್ಟ್ಯವಾಯಿತು. ಒಂದೇ ಶ್ವಾಸಕೋಶದ ಬಲದಲ್ಲಿ ಹಾಡಬೇಕಾದ ಅನಿವಾರ್ಯದಿಂದ ಈ ಶೈಲಿ ಹುಟ್ಟಿತೆಂದು ಹಲವರು ಹೇಳುತ್ತಾರೆ. ಆದರೆ ಶರೀರದ ಮಿತಿಯೊಂದರಿಂದಲೇ ಅದನ್ನು ವಿವರಿಸಲಾಗದು. ರಾಗವನ್ನು ಹಂತಹಂತವಾಗಿ ಬೆಳೆಸುವ ಸಿದ್ಧಕ್ರಮವನ್ನು ಬಿಟ್ಟು, ಬಂದಿಶ್‌ನ ಭಾವ ಮತ್ತು ಆಕಾರವೇ ರಾಗದ ವಿಸ್ತಾರವನ್ನು ನಿರ್ಧರಿಸಬೇಕೆಂಬ ಸ್ಪಷ್ಟ ವಿಚಾರ ಅದರ ಹಿಂದಿತ್ತು. ಆದ್ದರಿಂದ ಅವರ ಗಾಯನದಲ್ಲಿ ಮಧ್ಯಲಯದ ಬಂದಿಶ್‌ಗಳಿಗೆ ಹೆಚ್ಚಿನ ಪ್ರಾಶಸ್ತ್ಯ ದೊರೆಯಿತು.

ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರು ಅತ್ಯಂತ ನಿಷ್ಠುರರಾಗಿದ್ದರು. ಕಾರ್ಯಕ್ರಮಕ್ಕೆ ಮುನ್ನ ತಂಬೂರಿಗಳನ್ನು ತಾವೇ ಕುಳಿತು ಶ್ರುತಿಗೊಳಿಸುತ್ತಿದ್ದರು.

ಘರಾಣೆಗೆ ನಿಷ್ಠೆಯೇ ಗಾಯಕನ ಯೋಗ್ಯತೆಯ ಅಳತೆಗೋಲಾಗಿದ್ದ ಕಾಲದಲ್ಲಿ ಅವರ ನಿಲುವು ವಿವಾದಕ್ಕೆ ಕಾರಣವಾಯಿತು. ಪರಂಪರೆಯೆಂದರೆ ಗುರು ಹಾಡಿದ್ದನ್ನು ಮರಳಿ ಹಾಡುವುದಲ್ಲ ಎಂಬುದು ಅವರ ಅಭಿಪ್ರಾಯ. ಬಾಲ್ಯದಲ್ಲಿ ಅನುಕರಣೆಯಿಂದಲೇ ಕೀರ್ತಿ ಪಡೆದ ವ್ಯಕ್ತಿ ಅನುಕರಣೆಯ ಕಟುವಿಮರ್ಶಕನಾದುದು ಗಮನಾರ್ಹ. ವಿಳಂಬಿತ ಖ್ಯಾಲಿಗೆ ಅವರು ನ್ಯಾಯ ಒದಗಿಸುತ್ತಿಲ್ಲ, ರಾಗಗಳ ರೂಪವನ್ನು ಕೆಡಿಸುತ್ತಿದ್ದಾರೆ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಇನ್ನೊಂದೆಡೆ ಸಾಹಿತಿಗಳು, ಚಿತ್ರಕಾರರು, ರಂಗಕರ್ಮಿಗಳು ಹಾಗೂ ಹೊಸ ಪೀಳಿಗೆಯ ಕೇಳುಗರು ಅವರನ್ನು ಮೆಚ್ಚಿಕೊಂಡರು. ಮರಾಠಿ ಲೇಖಕ ಪು. ಲ. ದೇಶಪಾಂಡೆ ಅವರ ಆಪ್ತಮಿತ್ರರಲ್ಲಿ ಒಬ್ಬರು.

ಧುನ್‌ಗಳಿಂದ ರಾಗಗಳಿಗೆ

ಶಾಸ್ತ್ರೀಯ ರಾಗಗಳ ಮೂಲ ಜನಪದರ ಹಾಡಿನಲ್ಲಿದೆ ಎಂಬುದು ಕುಮಾರ ಗಂಧರ್ವರ ಪ್ರಮುಖ ಪ್ರತಿಪಾದನೆ. ಜಾನಪದ ಧುನ್ ಸಾಮಾನ್ಯವಾಗಿ ನಾಲ್ಕೈದು ಸ್ವರಗಳಷ್ಟೇ ಹರವಿನದು. ಆ ಸ್ವರಗಳ ಪರಸ್ಪರ ಸಂಬಂಧವನ್ನು ಗುರುತಿಸಿ, ಅದರ ಸ್ವಭಾವಕ್ಕೆ ಒಪ್ಪುವಂತೆ ವಿಸ್ತರಿಸಿದರೆ ರಾಗವೊಂದು ರೂಪುಗೊಳ್ಳುತ್ತದೆ. ಮಾಳವಿ ಧುನ್‌ಗಳನ್ನು ಹೀಗೆ ಅಭ್ಯಾಸ ಮಾಡಿ ಅವರು ರೂಪಿಸಿದ ರಾಗಗಳನ್ನು ಧುನ್ ಉಗಮ ರಾಗಗಳೆಂದು ಕರೆಯುತ್ತಾರೆ. ಮಾಲವತಿ, ಸಂಜಾರಿ, ಅಹಿಮೋಹಿನಿ, ಲಗನ ಗಾಂಧಾರ, ಸಹೇಲಿ ತೋಡಿ, ಮಧಸೂರಜಾ ಮೊದಲಾದವು ಅವರು ಬೆಳಕಿಗೆ ತಂದ ರಾಗಗಳು. ಮಹಾತ್ಮ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಗಾಂಧಿ ಮಲ್ಹಾರ್ ಎಂಬ ರಾಗವನ್ನು ರಚಿಸಿದರು.

1965ರಲ್ಲಿ ಪ್ರಕಟವಾದ ಅನೂಪರಾಗವಿಲಾಸ ಎಂಬ ಗ್ರಂಥದಲ್ಲಿ ಅವರು ತಮ್ಮ ಸ್ವಂತ ಬಂದಿಶ್‌ಗಳನ್ನೂ ಹೊಸ ರಾಗಗಳನ್ನೂ ಸ್ವರಲಿಪಿಯೊಂದಿಗೆ ದಾಖಲಿಸಿದ್ದಾರೆ. ಇದರ ಎರಡನೆಯ ಸಂಪುಟ ಅವರ ಮರಣಾನಂತರ ಬಂದಿತು. ನವಮುಂಬಯಿಯ ವಾಶಿಯಲ್ಲಿ ಸಂಗೀತವನ್ನು ಕುರಿತು ಅವರು ನಡೆಸಿಕೊಟ್ಟ ಮಾತುಕತೆಗಳು ಮುಕ್ಕಾಂ ವಾಶಿ ಎಂಬ ಮರಾಠಿ ಪುಸ್ತಕವಾಗಿ ಪ್ರಕಟಗೊಂಡಿವೆ.

ನಿರ್ಗುಣ ಭಜನೆ ಹಾಗೂ ವಿಷಯಾಧಾರಿತ ಕಾರ್ಯಕ್ರಮಗಳು

ಸಾಮಾನ್ಯ ಕೇಳುಗರಲ್ಲಿ ಕುಮಾರ ಗಂಧರ್ವರ ಹೆಸರು ಹೆಚ್ಚಾಗಿ ಉಳಿದಿರುವುದು ಕಬೀರರ ನಿರ್ಗುಣ ಪದಗಳಿಂದ. ಕಛೇರಿಯ ಕೊನೆಯಲ್ಲಿ ಲಘುವಾಗಿ ಹಾಡಿ ಮುಗಿಸುವ ಭಜನೆಯ ರೂಢಿಗಿಂತ ಇದು ಬೇರೆಯಾಗಿತ್ತು. ದೇವಾಸ್‌ನಲ್ಲಿ ಕೇಳಿದ ಜೋಗಿಗಳ ಒರಟು, ನಿರ್ಲಿಪ್ತ ಧಾಟಿಯನ್ನು ಉಳಿಸಿಕೊಂಡು, ಏಕಾಂತ ಮತ್ತು ಶೂನ್ಯದ ಅನುಭವವನ್ನು ಸ್ವರದಲ್ಲಿ ಮೂಡಿಸಲು ಅವರು ಯತ್ನಿಸಿದರು. ಅಮೆರಿಕದ ವಿದ್ವಾಂಸೆ ಲಿಂಡಾ ಹೆಸ್ ಈ ಗಾಯನವನ್ನು ಕುರಿತು ಪುಸ್ತಕವೊಂದನ್ನು ಬರೆದಿದ್ದಾರೆ. ಕಬೀರ, ಸೂರದಾಸ, ಮೀರಾ ಇವರ ಪದಗಳನ್ನು ಒಳಗೊಂಡ ತ್ರಿವೇಣಿ ಎಂಬ ಧ್ವನಿಮುದ್ರಿಕೆಯೂ ಜನಪ್ರಿಯವಾಯಿತು.

ಒಂದೇ ವಿಷಯವನ್ನು ಆಧರಿಸಿ ಇಡೀ ಕಾರ್ಯಕ್ರಮವನ್ನು ಸಂಯೋಜಿಸುವ ಪದ್ಧತಿಯನ್ನು ಅವರು ರೂಢಿಗೆ ತಂದರು. ಗೀತವರ್ಷಾ, ಗೀತಹೇಮಂತ, ಗೀತವಸಂತ ಎಂಬ ಋತುಸಂಬಂಧಿ ಕಾರ್ಯಕ್ರಮಗಳು, ಮಾಳವದ ಲೋಕಗೀತೆಗಳ ಕಾರ್ಯಕ್ರಮ, ಮರಾಠಿ ಕವಿ ಭಾ. ರಾ. ತಾಂಬೆಯವರ ಗೀತೆಗಳ ಕಾರ್ಯಕ್ರಮ ಇವುಗಳಲ್ಲಿ ಮುಖ್ಯವಾದವು. ಮರಾಠಿ ರಂಗಭೂಮಿಯ ಮಹಾನ್ ಗಾಯಕನಟ ಬಾಲಗಂಧರ್ವರ ಹಾಡುಗಳನ್ನು, ತಾವು ಅರಿತುಕೊಂಡ ಬಗೆಯಲ್ಲಿ, ಒಂದು ಪ್ರತ್ಯೇಕ ಕಾರ್ಯಕ್ರಮವಾಗಿ ಪ್ರಸ್ತುತಪಡಿಸಿದರು. ದೊಡ್ಡ ಕಲಾವಿದನನ್ನು ಅನುಕರಿಸದೆ ಗೌರವಿಸುವುದು ಹೇಗೆಂಬುದಕ್ಕೆ ಈ ಕಾರ್ಯಕ್ರಮವನ್ನು ಉದಾಹರಣೆಯಾಗಿ ನೋಡಲಾಗುತ್ತದೆ. ವಾಣಿ ಜಯರಾಂ ಅವರೊಂದಿಗೆ ಮರಾಠಿ ನಾಟಕವೊಂದಕ್ಕೆ ಹಾಡಿದ ಯುಗಳಗೀತೆಯೂ ಪ್ರಸಿದ್ಧವಾಗಿದೆ.

ವೈಯಕ್ತಿಕ ಜೀವನ

ಕುಮಾರ ಗಂಧರ್ವ ಮತ್ತು ಭಾನುಮತಿ ದಂಪತಿಗಳ ಹಿರಿಯ ಮಗ ಮುಕುಲ ಶಿವಪುತ್ರ ಅವರು 1956ರಲ್ಲಿ ಜನಿಸಿದರು. 1961ರಲ್ಲಿ ಎರಡನೆಯ ಮಗ ಯಶೋವರ್ಧನನ ಜನನದ ಸಂದರ್ಭದಲ್ಲಿ ಭಾನುಮತಿಯವರು ನಿಧನರಾದರು. ಮೌನದ ವರ್ಷಗಳಲ್ಲಿ ಪತಿಯನ್ನು ಉಳಿಸಿಕೊಂಡ ಆಕೆಯ ನೆನಪು ದೇವಾಸ್‌ನ ಅವರ ಮನೆಯಾದ ಭಾನುಕುಲದ ಹೆಸರಿನಲ್ಲಿ ಉಳಿದಿದೆ. 1962ರಲ್ಲಿ ಕುಮಾರ ಗಂಧರ್ವರು ದೇವಧರರ ಶಾಲೆಯಲ್ಲಿಯೇ ಕಲಿತಿದ್ದ ವಸುಂಧರಾ ಶ್ರೀಖಂಡೆಯವರನ್ನು ವಿವಾಹವಾದರು. ವಸುಂಧರಾ ಕೋಮಕಲಿಯವರು ಅನೇಕ ಕಾರ್ಯಕ್ರಮಗಳಲ್ಲಿ ಪತಿಯೊಂದಿಗೆ ಹಾಡಿದರು. ಅವರಿಗೆ 2006ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. 2015ರಲ್ಲಿ ಅವರು ನಿಧನರಾದರು. ಈ ದಂಪತಿಗಳ ಮಗಳು ಕಲಾಪಿನಿ ಕೋಮಕಲಿ ಹಾಗೂ ಮುಕುಲ ಶಿವಪುತ್ರರ ಮಗ ಭುವನೇಶ ಕೋಮಕಲಿ ಗಾಯಕರಾಗಿ ಹೆಸರು ಮಾಡಿದ್ದಾರೆ. ಸತ್ಯಶೀಲ ದೇಶಪಾಂಡೆ, ಮಧುಪ್ ಮುದ್ಗಲ್, ವಿಜಯ್ ಸರದೇಶಮುಖ್ ಅವರು ಕುಮಾರ ಗಂಧರ್ವರ ಶಿಷ್ಯರಲ್ಲಿ ಪ್ರಮುಖರು.

ಪ್ರಶಸ್ತಿ ಮತ್ತು ಗೌರವಗಳು

ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ – 1974
ಪದ್ಮಭೂಷಣ – 1977
ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ – 1988
ಪದ್ಮವಿಭೂಷಣ – 1990

ನಿಧನ ಮತ್ತು ಸ್ಮರಣೆ

ಕುಮಾರ ಗಂಧರ್ವರು 1992ರ ಜನವರಿ 12ರಂದು ದೇವಾಸ್‌ನಲ್ಲಿ ನಿಧನರಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ತೀರಿಕೊಂಡರು. ಹೀಗೆ ಉತ್ತರ ಕರ್ನಾಟಕದ ಮಣ್ಣಿನಿಂದ ಬಂದ ಇಬ್ಬರು ಮಹಾನ್ ಗಾಯಕರನ್ನು ಒಂದೇ ವರ್ಷದಲ್ಲಿ ಸಂಗೀತಲೋಕ ಕಳೆದುಕೊಂಡಿತು.

ಮಧ್ಯಪ್ರದೇಶ ಸರ್ಕಾರ ಇವರ ಹೆಸರಿನಲ್ಲಿ ಯುವ ಸಂಗೀತಗಾರರಿಗೆ ರಾಷ್ಟ್ರೀಯ ಸಮ್ಮಾನವನ್ನು ನೀಡುತ್ತಿದೆ. ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರವಿದೆ. ಚಲನಚಿತ್ರ ನಿರ್ದೇಶಕ ಜಬ್ಬಾರ್ ಪಟೇಲ್ ಇವರ ಜೀವನವನ್ನು ಕುರಿತು ಸಾಕ್ಷ್ಯಚಿತ್ರವನ್ನು ನಿರ್ಮಿಸಿದ್ದಾರೆ. ಭಾರತೀಯ ಅಂಚೆ ಇಲಾಖೆಯು 2014ರಲ್ಲಿ ಸಂಗೀತಗಾರರ ಅಂಚೆಚೀಟಿಗಳ ಸರಣಿಯಲ್ಲಿ ಇವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.